ಸೊಂಟವಲ್ಲ, ನಡು: ತೂಕದ ಮಷಿನ್ ಹೇಳದ್ದನ್ನು ಟೇಪು ಹೇಳುವ ಬಗೆ

ಸಪೂರ ಮೈ, ಕಡ್ಡಿಯಂಥ ಕೈಕಾಲು, ಒಳಗೆ ಹೋದ ಕೆನ್ನೆ. ಪಂಚೆ ಮಾತ್ರ ಹೊಟ್ಟೆಯ ಕೆಳಗೆ ಜಾರಿ ನಿಂತಿದೆ. ಮಲೆನಾಡಿನಲ್ಲಿ ಇಂಥ ಮೈಕಟ್ಟು ಅಪರೂಪವೇನಲ್ಲ, ತೀರ್ಥಹಳ್ಳಿ, ಸಾಗರ, ಹೊಸನಗರದ ಯಾವ ಮದುವೆ ಊಟದ ಪಂಕ್ತಿಯಲ್ಲೂ ನಾಲ್ಕು ಮಂದಿ ಸಿಗುತ್ತಾರೆ. ಇವರನ್ನು ಯಾರೂ ದಪ್ಪ ಎನ್ನುವುದಿಲ್ಲ. ತೂಕದ ಮಷಿನ್ ಕೂಡ ಎನ್ನುವುದಿಲ್ಲ. 165 ಸೆಂ.ಮೀ. ಎತ್ತರ, 62 ಕಿಲೋ ತೂಕದ ಒಬ್ಬರನ್ನು ಲೆಕ್ಕಕ್ಕೆ ಹಿಡಿಯೋಣ. ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ನೋಡುವ ಅಂಕಿ, ಅಂದರೆ ಬಿಎಂಐ, 22.8 ಬರುತ್ತದೆ. ಭಾರತೀಯರ ಮಟ್ಟಿಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಹಾಗಾಗಿ ಇವರು ಪಾಸು. ಅದೇ ಮನುಷ್ಯರ ಹೊಟ್ಟೆಗೆ ಟೇಪು ಸುತ್ತಿದಾಗ 92 ಸೆಂ.ಮೀ. ಬಂತು ಎನ್ನಿ. ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು ಎಂಬುದು ಟೇಪಿನ ನಿಯಮ; ಇವರ ಎತ್ತರದ ಅರ್ಧ 82.5. ಹೊಟ್ಟೆ ಅದಕ್ಕಿಂತ ಒಂಬತ್ತೂವರೆ ಸೆಂಟಿಮೀಟರ್ ಮುಂದೆ ಹೋಗಿದೆ.

ಈಗ ಶಿವಮೊಗ್ಗದ ಎಪಿಎಂಸಿ ಯಾರ್ಡಿನಲ್ಲಿ ಅಡಿಕೆ ಚೀಲ ಹೊರುವ ಹಮಾಲಿಯೊಬ್ಬರನ್ನು ಊಹಿಸಿಕೊಳ್ಳಿ. 170 ಸೆಂ.ಮೀ., 76 ಕಿಲೋ. ಬಿಎಂಐ 26.3, ಅಂದರೆ ಕಾಗದದ ಮೇಲೆ ಬೊಜ್ಜು. ಹೊಟ್ಟೆಯ ಸುತ್ತಳತೆ 82, ಎತ್ತರದ ಅರ್ಧಕ್ಕಿಂತ ಮೂರು ಸೆಂ.ಮೀ. ಕಡಿಮೆ. ತೂಕವೆಲ್ಲ ತೊಡೆ, ಬೆನ್ನು, ಹೆಗಲಲ್ಲಿದೆ. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಇಬ್ಬರಲ್ಲಿ ಯಾರನ್ನು ಮೊದಲು ಕಳಿಸಬೇಕು? ತೂಕವನ್ನು ನಂಬಿದರೆ ತಪ್ಪು ಮನುಷ್ಯ ಸಾಲಿನಲ್ಲಿ ಮುಂದೆ ನಿಲ್ಲುತ್ತಾನೆ.

ತಪ್ಪು ಬಿಎಂಐಯದ್ದಲ್ಲ, ಅದನ್ನು ಬಳಸುವ ಕ್ರಮದ್ದು. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವ ಈ ಸೂತ್ರ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ 1830ರ ದಶಕದಲ್ಲಿ ಕಂಡುಕೊಂಡದ್ದು. ಅವರು ವೈದ್ಯರಲ್ಲ, ಸಂಖ್ಯಾಶಾಸ್ತ್ರಜ್ಞ. ಅವರಿಗೆ ಬೇಕಿದ್ದದ್ದು ಜನಸಮೂಹದ ಸರಾಸರಿ. ಬಿಎಂಐ ಎಂಬ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಅವರಿಂದ. ಆ ಭಾಗಾಕಾರದಲ್ಲಿ ಮೂಳೆ, ಮಾಂಸಖಂಡ, ಕೊಬ್ಬು ಎಂಬ ಭೇದವೇ ಇಲ್ಲ. ಕೊಬ್ಬು ಎಲ್ಲಿ ಕೂತಿದೆ ಎಂಬುದಂತೂ ಅದಕ್ಕೆ ಕಾಣುವುದೇ ಇಲ್ಲ.

ನಮ್ಮ ಕಡೆಯ ಮೈಗೆ ಮುಖ್ಯವಾದ ಪ್ರಶ್ನೆಯೇ ಅದು. 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಇಬ್ಬರು ವಿಜ್ಞಾನಿಗಳ ಫೋಟೊ ಪ್ರಕಟಿಸಿತ್ತು: ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ಹೊರಗೆ ಸಪೂರ, ಒಳಗೆ ಕೊಬ್ಬು ಎಂಬ ಭಾರತೀಯ ಮೈಗೆ ಇದಕ್ಕಿಂತ ಚಿಕ್ಕ ವಿವರಣೆ ಬೇರೆ ಬೇಡ.

ದೇಶದ ಅಂಕಿಗಳೂ ಇದನ್ನೇ ಹೇಳುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚಿದ್ದ ಹೆಂಗಸರು ಶೇ. 24, ಗಂಡಸರು ಶೇ. 22.9. ಅದೇ ಸಮೀಕ್ಷೆಯಲ್ಲಿ ಹೊಟ್ಟೆಯ ಸುತ್ತಳತೆಯನ್ನು ಪೃಷ್ಠದ ಸುತ್ತಳತೆಗೆ ಹೋಲಿಸಿದಾಗ ಅಪಾಯದ ಗೆರೆ ದಾಟಿದ್ದ ಹೆಂಗಸರು ಶೇ. 56.7, ಗಂಡಸರು ಶೇ. 47.7. ಮಷಿನ್ ಮೇಲೆ ನಿಲ್ಲಿಸಿದರೆ ನಾಲ್ವರಲ್ಲಿ ಒಬ್ಬರು, ಟೇಪು ಸುತ್ತಿದರೆ ಇಬ್ಬರಲ್ಲಿ ಒಬ್ಬರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಇಂಡಿಯಾಬ್ ಅಧ್ಯಯನ ಬೇರೆ ಗೆರೆಗಳನ್ನು ಬಳಸಿತು. ಅಲ್ಲಿಯೂ ಒಟ್ಟು ಮೈಯ ಬೊಜ್ಜು ಶೇ. 28.6, ಹೊಟ್ಟೆಯ ಬೊಜ್ಜು ಶೇ. 39.5.

ಹೊಟ್ಟೆಯ ಕೊಬ್ಬೇ ಯಾಕೆ? ತೊಡೆ, ಪೃಷ್ಠದ ಚರ್ಮದ ಕೆಳಗಿನ ಕೊಬ್ಬು ಹೆಚ್ಚುಕಡಿಮೆ ಅಟ್ಟದ ಮೇಲಿನ ದಾಸ್ತಾನು, ಸುಮ್ಮನೆ ಬಿದ್ದಿರುತ್ತದೆ. ಕರುಳಿನ ಸುತ್ತ ಕೂತ ಒಳಗೊಬ್ಬು ಹಾಗಲ್ಲ. ಅಲ್ಲಿಂದ ಹೊರಡುವ ರಕ್ತ ನೇರವಾಗಿ ಯಕೃತ್ತಿಗೆ ಹೋಗುತ್ತದೆ, ಕೊಬ್ಬಿನಾಮ್ಲಗಳನ್ನೂ ಹೊತ್ತುಕೊಂಡು. ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆ, ಇನ್ಸುಲಿನ್ ಹೇಳಿದ ಮಾತು ನಡೆಯುವುದಿಲ್ಲ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಏರುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ. ಸ್ಕ್ಯಾನಿಂಗ್ ವರದಿಯಲ್ಲಿ ‘ಫ್ಯಾಟಿ ಲಿವರ್’ ಎಂದು ಬಂದಾಗ, ನಾನು ಕುಡಿಯುವವನೇ ಅಲ್ಲವಲ್ಲ ಎಂದು ಬೆರಗಾಗುವವರು ಹೆಚ್ಚಾಗಿ ಈ ದಾರಿಯಿಂದ ಬಂದವರು.

ನಿಯಮ ಒಂದೇ ಸಾಲಿನದು: ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. 1990ರ ದಶಕದ ನಡುವಿನಿಂದ ಜಪಾನ್ ಮತ್ತು ಬ್ರಿಟನ್ನಿನ ಸಂಶೋಧಕರು ಇದನ್ನು ಹೇಳುತ್ತ ಬಂದಿದ್ದಾರೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2022ರಲ್ಲಿ ಇದನ್ನು ಅಧಿಕೃತ ಸಲಹೆಯಾಗಿಯೇ ಸೇರಿಸಿತು: ಸುತ್ತಳತೆಯನ್ನು ಎತ್ತರದಿಂದ ಭಾಗಿಸಿದಾಗ 0.4ರಿಂದ 0.49 ಬಂದರೆ ಆರೋಗ್ಯಕರ, 0.5ರಿಂದ 0.59 ಬಂದರೆ ಅಪಾಯ ಹೆಚ್ಚಿದೆ, 0.6 ದಾಟಿದರೆ ಬಹಳ ಹೆಚ್ಚಿದೆ. ಗಂಡು ಹೆಣ್ಣು ಇಬ್ಬರಿಗೂ ಇದೇ ಅಂಕಿ. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ, ಬಿಎಂಐ ಒಂದನ್ನೇ ನಂಬಿ ಬೊಜ್ಜು ಎಂದು ತೀರ್ಮಾನಿಸಬೇಡಿ, ಸುತ್ತಳತೆಯಂಥ ಇನ್ನೊಂದು ಅಳತೆ ಜೊತೆಗಿರಲಿ ಎಂದಿತು. ಅದೇ ತಿಂಗಳು ದೆಹಲಿಯ ಏಮ್ಸ್ ಮತ್ತಿತರ ಸಂಸ್ಥೆಗಳ ತಜ್ಞರು ಭಾರತೀಯರಿಗಾಗಿ ಪರಿಷ್ಕರಿಸಿದ ವ್ಯಾಖ್ಯೆಯೂ ಹೊಟ್ಟೆಯ ಕೊಬ್ಬನ್ನು ಲೆಕ್ಕಕ್ಕೆ ತಂದಿತು.

ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಎಂಬ ಗೆರೆ ನಮ್ಮಲ್ಲಿ ಮೊದಲೇ ಇದೆಯಲ್ಲ, ಎತ್ತರದ ಉಸಾಬರಿ ಯಾಕೆ ಎಂದು ಕೇಳಬಹುದು. 180 ಸೆಂ.ಮೀ. ಎತ್ತರದ ಗಂಡಸಿಗೆ 90 ಎಂದರೆ ಸರಿಯಾಗಿ ಅರ್ಧ. 160 ಸೆಂ.ಮೀ.ನವರಿಗೆ ಅದೇ 90 ಎಂದರೆ 0.56. ಗಿಡ್ಡಗಿರುವವರಿಗೆ ಈ ಸ್ಥಿರ ಗೆರೆ ಧಾರಾಳ ರಿಯಾಯಿತಿ ಕೊಡುತ್ತದೆ, ನಮ್ಮಲ್ಲಿ ಗಿಡ್ಡಗಿರುವವರೇ ಹೆಚ್ಚು. 152 ಸೆಂ.ಮೀ. ಎತ್ತರದ ಹೆಂಗಸಿಗೆ ಅರ್ಧ ಎಂದರೆ 76; 80ರ ಗೆರೆಯವರೆಗೆ ನಾಲ್ಕು ಸೆಂ.ಮೀ. ಅಂತರವಿದೆ. ಭಾರತೀಯ ತಜ್ಞರು 90/80ರ ಜೊತೆಗೆ 78/72 ಎಂಬ ಕೆಳಗಿನ ಮೆಟ್ಟಿಲನ್ನೂ ಸೂಚಿಸಿದ್ದರು: ಅಲ್ಲಿ ತೂಕ ಏರದಂತೆ ಎಚ್ಚರ, ಮೇಲಿನದಕ್ಕೆ ವೈದ್ಯರ ಸಲಹೆ. ಅರ್ಧದ ನಿಯಮ ಈ ಎರಡು ಮೆಟ್ಟಿಲುಗಳ ನಡುವೆ ಬೀಳುತ್ತದೆ. ಆ ಲೆಕ್ಕದಲ್ಲಿ ಇದು ಬೇಗ ಎಚ್ಚರಿಸುವ ಗಂಟೆ. ಬೇಗ ಬಾರಿಸಿದರೆ ನಷ್ಟವೇನಿಲ್ಲ, ಗಾಬರಿ ಬೀಳದಿದ್ದರೆ ಸಾಕು.

ಟೇಪು ಎಲ್ಲಿ ನಿಲ್ಲಬೇಕು

ಈ ಅಳತೆ ಕನ್ನಡಕ್ಕೆ ಬರುವಾಗಲೇ ಒಂದು ಎಡವಟ್ಟಾಗಿದೆ. ಪತ್ರಿಕೆಗಳು ‘ಸೊಂಟ-ಎತ್ತರ ಅನುಪಾತ’ ಎಂದು ಬರೆಯುತ್ತವೆ. ಸೊಂಟ ನೋವು ಎಂದಾಗ ನಾವು ಕೈ ಇಡುವುದು ಬೆನ್ನಿನ ಬುಡಕ್ಕೆ. ಸೊಂಟಕ್ಕೆ ಸಿಕ್ಕಿಸು ಎಂದಾಗ ಪಂಚೆಯ ಗಂಟಿಗೆ. ಉಡಿದಾರ ನಿಲ್ಲುವುದೂ ಅಲ್ಲೇ, ಹೊಟ್ಟೆಯ ಕೆಳಗಿನ ಮೂಳೆಯ ಮೇಲೆ. ಹಾಗಾಗಿ ಸೊಂಟ ಅಳೆಯಿರಿ ಎಂದರೆ ಟೇಪು ಉಡಿದಾರದ ಜಾಗಕ್ಕೇ ಹೋಗುತ್ತದೆ. ಅಲ್ಲಿ ಹೊಟ್ಟೆ ಲೆಕ್ಕಕ್ಕೇ ಬರುವುದಿಲ್ಲ. ಇದಕ್ಕೆ ಸರಿಯಾದ ಮಾತು ಕನ್ನಡದಲ್ಲಿ ಮೊದಲೇ ಇತ್ತು: ನಡು. ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಇರುವುದು ನಡು.

ಪ್ಯಾಂಟಿನ ಸೈಜೂ ಇದೇ ಮೋಸ ಮಾಡುತ್ತದೆ. 34ರ ಪ್ಯಾಂಟು ಹಾಕುತ್ತೇನೆ, ಎತ್ತರ ಐದು ಅಡಿ ಎಂಟು ಅಂಗುಲ, ಅರ್ಧಕ್ಕೆ ಸರಿಯಾಯಿತಲ್ಲ ಎನ್ನುವವರಿದ್ದಾರೆ. ಪ್ಯಾಂಟು ಕೂರುವುದು ಹೊಟ್ಟೆಯ ಕೆಳಗೆ. ರೆಡಿಮೇಡ್ ಕಂಪನಿಗಳು 34 ಎಂದು ಚೀಟಿ ಹಚ್ಚಿದ್ದನ್ನು ಅಳೆದರೆ ಎಷ್ಟೋ ಸಲ 36 ಸಿಗುತ್ತದೆ. ಹೊಟ್ಟೆ ಬೆಳೆದಂತೆಲ್ಲ ಪ್ಯಾಂಟು ಕೆಳಗಿಳಿಯುತ್ತ ಹೋಗುವುದರಿಂದ ಹತ್ತು ವರ್ಷ ಸೈಜು ಬದಲಾಗದೆಯೂ ಹೊಟ್ಟೆ ನಾಲ್ಕು ಅಂಗುಲ ಏರಿರಬಹುದು. ಲಂಗದ ಲಾಡಿಯ ಗುರುತಿನ ಕಥೆಯೂ ಇಷ್ಟೇ. ಹೊಕ್ಕುಳನ್ನೂ ನಂಬುವಂತಿಲ್ಲ: ಹೊಟ್ಟೆ ಜೋತಾಗ ಹೊಕ್ಕುಳೂ ಅದರ ಜೊತೆ ಕೆಳಗೆ ಬರುತ್ತದೆ.

ಅಳೆಯುವ ಕ್ರಮ ಹೀಗೆ. ಬೆಳಿಗ್ಗೆ, ಶೌಚ ಮುಗಿಸಿ, ತಿಂಡಿಗೆ ಮುಂಚೆ. ಬಟ್ಟೆಯ ಮೇಲೆ ಬೇಡ. ತೀರಾ ಸಂಕೋಚವಾದರೆ ತೆಳು ಬನಿಯನ್ ಒಂದು ಇರಲಿ. ಕಾಲು ಜೋಡಿಸಿ, ಭಾರ ಎರಡೂ ಕಾಲ ಮೇಲೆ ಸಮ ಬೀಳುವಂತೆ ನಿಲ್ಲಿ. ಪಕ್ಕಕ್ಕೆ, ಕಂಕುಳಿನಿಂದ ನೇರ ಕೆಳಗೆ, ಕೊನೆಯ ಪಕ್ಕೆಲುಬಿನ ಕೆಳ ಅಂಚನ್ನು ಬೆರಳಿನಿಂದ ಒತ್ತಿ ಹುಡುಕಿ ಪೆನ್ನಿನಲ್ಲಿ ಗುರುತು ಹಾಕಿ. ಅದೇ ಸಾಲಿನಲ್ಲಿ ಕೆಳಗೆ ಸೊಂಟದ ಮೂಳೆಯ ಮೇಲಂಚಿಗೆ ಇನ್ನೊಂದು ಗುರುತು. ಎರಡರ ಮಧ್ಯಕ್ಕೆ ಟೇಪು. ಟೇಪು ನೆಲಕ್ಕೆ ಸಮಾನಾಂತರವಾಗಿ ಸುತ್ತಲೂ ಒಂದೇ ಮಟ್ಟದಲ್ಲಿರಬೇಕು. ಬೆನ್ನ ಹಿಂದೆ ಅದು ಜಾರುವುದೇ ಹೆಚ್ಚು, ಆದ್ದರಿಂದ ಕನ್ನಡಿ ಅಥವಾ ಮನೆಯವರ ಕಣ್ಣು ಬೇಕು. ಚರ್ಮಕ್ಕೆ ತಾಗಿರಬೇಕು, ಚರ್ಮವನ್ನು ಒತ್ತಿ ಗೀರು ಬೀಳಿಸಬಾರದು. ಎರಡು ಮೂರು ಸಲ ಸಹಜವಾಗಿ ಉಸಿರಾಡಿ, ಉಸಿರು ಹೊರಬಿಟ್ಟ ಕೊನೆಗೆ ಓದಿ. ಮತ್ತೆ ಬಿಚ್ಚಿ ಇನ್ನೊಮ್ಮೆ. ಎರಡು ಓದುಗಳ ನಡುವೆ ಒಂದು ಸೆಂ.ಮೀ. ಒಳಗಿನ ವ್ಯತ್ಯಾಸವಿದ್ದರೆ ಸರಾಸರಿ ಹಿಡಿಯಿರಿ, ಹೆಚ್ಚಿದ್ದರೆ ಮೊದಲಿಂದ ಶುರು.

ಟೇಪು ಕಂಡ ಕೂಡಲೇ ಹೊಟ್ಟೆ ಒಳಗೆಳೆದುಕೊಳ್ಳುವುದು ಮನುಷ್ಯ ಸ್ವಭಾವ. ಅಳೆಯುವವರು ಏನಾದರೂ ಮಾತಾಡಿಸುತ್ತ ಇದ್ದರೆ ಅದು ತಾನೇ ಸಡಿಲಾಗುತ್ತದೆ. ಟೈಲರ್ ಟೇಪಿನದು ಬೇರೆ ತಕರಾರು: ಹಳೆಯ ಬಟ್ಟೆ ಟೇಪು ಹಿಗ್ಗಿರುತ್ತದೆ, ಹಿಗ್ಗಿದ ಟೇಪು ಸುತ್ತಳತೆಯನ್ನು ಕಡಿಮೆ ತೋರಿಸಿ ಖುಷಿಪಡಿಸುತ್ತದೆ. ಶಾಲೆ ಮಕ್ಕಳ 30 ಸೆಂ.ಮೀ. ಸ್ಕೇಲಿನ ಪಕ್ಕ ಇಟ್ಟು, ಟೇಪಿನ ತುದಿಯನ್ನೂ ಮಧ್ಯಭಾಗವನ್ನೂ ಒಮ್ಮೆ ತಾಳೆ ನೋಡಿ. ತುದಿಯ ತಗಡು ಕಿತ್ತುಹೋಗಿದ್ದರೆ 10ರಿಂದ ಹಿಡಿದು ಆಮೇಲೆ 10 ಕಳೆಯಿರಿ.

ಎತ್ತರದಲ್ಲೂ ತಪ್ಪಾಗುತ್ತದೆ, ಯಾಕೆಂದರೆ ಎತ್ತರವನ್ನು ಯಾರೂ ಅಳೆಯುವುದೇ ಇಲ್ಲ, ನೆನಪಿನಿಂದ ಹೇಳುತ್ತಾರೆ. ನೆನಪಿನ ಎತ್ತರ ಸಾಮಾನ್ಯವಾಗಿ ಒಂದೆರಡು ಸೆಂ.ಮೀ. ಉದಾರ. ಚಪ್ಪಲಿ ಬಿಟ್ಟು, ಹಿಮ್ಮಡಿ, ಪೃಷ್ಠ, ಹೆಗಲು ತಾಗುವಂತೆ ನಿಂತು, ನೇರ ಮುಂದೆ ನೋಡಿ, ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವನ್ನು ಗೋಡೆಗೆ ಲಂಬವಾಗಿ ಒತ್ತಿ ಗುರುತು ಹಾಕಬೇಕು. ತುರುಬು ಬಿಚ್ಚಿರಬೇಕು. ಹಳೆ ಮನೆಗಳ ಮಣ್ಣಿನ ಗೋಡೆ ಬುಡದಲ್ಲಿ ದಪ್ಪ, ಮೇಲೆ ಸಣ್ಣ. ಅಲ್ಲಿ ಬಾಗಿಲ ಚೌಕಟ್ಟೇ ವಾಸಿ. ಅಡಿ-ಅಂಗುಲದಲ್ಲಿ ಲೆಕ್ಕ ಹಾಕುವವರು ಒಂದು ಕಡೆ ಬೀಳುತ್ತಾರೆ: ಐದು ಅಡಿ ಹತ್ತು ಅಂಗುಲವನ್ನು 5.10 ಎಂದು ಬರೆದು ಮೊಬೈಲಿನಲ್ಲಿ 12ರಿಂದ ಗುಣಿಸಿದರೆ 61.2 ಅಂಗುಲ ಬರುತ್ತದೆ. ನಿಜವಾದ ಎತ್ತರ 70 ಅಂಗುಲ. ಅರ್ಧ 35 ಆಗಬೇಕಾದಲ್ಲಿ 30.6 ಆಗಿ, ಸರಿಯಿದ್ದವನಿಗೂ ರಾತ್ರಿ ನಿದ್ದೆ ಹೋಗುತ್ತದೆ. ಐದು ಅಡಿಗೆ 30 ಅಂಗುಲ, ಅಲ್ಲಿಂದ ಮುಂದೆ ಎತ್ತರದ ಪ್ರತಿ ಅಂಗುಲಕ್ಕೆ ಅರ್ಧ ಅಂಗುಲ ಸೇರಿಸಿದರೆ ಗುಣಾಕಾರವೇ ಬೇಡ.

ಟೇಪೇ ಇಲ್ಲದಿದ್ದರೆ ಹಿಗ್ಗದ ನೂಲಿನ ಹುರಿ ಸಾಕು. ಎತ್ತರಕ್ಕೆ ಸರಿಯಾಗಿ ಕತ್ತರಿಸಿ, ಎರಡು ಮಡಿಕೆ ಮಾಡಿ, ಆ ಮಡಿಕೆ ನಡುವಿನ ಸುತ್ತ ಬರುತ್ತದೆಯೇ ನೋಡಿ. ತುದಿಗಳು ಕೂಡದಿದ್ದರೆ ಅರ್ಧ ದಾಟಿದೆ. ಎಷ್ಟು ದಾಟಿದೆ ಎಂದು ಹುರಿ ಹೇಳದು. (ಬಾಳೆನಾರು ಬೇಡ, ಒಣಗಿದ್ದು ಮುರಿಯುತ್ತದೆ, ಹಸಿಯದು ಜಗ್ಗುತ್ತದೆ.)

ಎತ್ತರ 160 ಇದ್ದರೆ ಒಂದು ಸೆಂ.ಮೀ. ಹೆಚ್ಚುಕಡಿಮೆಯಿಂದ ಅನುಪಾತ 0.006 ಬದಲಾಗುತ್ತದೆ. ಮನೆಯ ಅಳತೆಯಲ್ಲಿ ಎರಡು ಸೆಂ.ಮೀ. ತಪ್ಪು ಮಾಮೂಲು. ಆದ್ದರಿಂದ 0.49 ಮತ್ತು 0.51ರ ನಡುವೆ ಸ್ವರ್ಗ ನರಕದ ವ್ಯತ್ಯಾಸ ಕಾಣಬೇಕಿಲ್ಲ. 0.56 ಬಂದರೆ ಅದು ಟೇಪಿನ ತಪ್ಪಲ್ಲ.

ಯಾರಿಗೆ ಈ ಲೆಕ್ಕ ಸಲ್ಲದು

ಬಸುರಿಯರಿಗೆ ಸಲ್ಲದು, ಬಾಣಂತನದ ತಿಂಗಳುಗಳಲ್ಲೂ ಬೇಡ. ಐದು ವರ್ಷದೊಳಗಿನ ಮಕ್ಕಳಿಗೂ ಇಲ್ಲ. ಬೆನ್ನು ಬಾಗಿದ ಹಿರಿಯರಲ್ಲಿ ಎತ್ತರವೇ ಕುಗ್ಗಿರುವುದರಿಂದ ಅನುಪಾತ ಇರುವುದಕ್ಕಿಂತ ಜೋರಾಗಿ ಕೂಗುತ್ತದೆ. ಒಂದು ಕಾಲದಲ್ಲಿ 165 ಇದ್ದವರು 160ಕ್ಕೆ ಇಳಿದಿದ್ದರೆ, ಹೊಟ್ಟೆ ಏನೂ ಬೆಳೆಯದಿದ್ದರೂ ಗೆರೆ ಎರಡೂವರೆ ಸೆಂ.ಮೀ. ಕೆಳಗೆ ಬಂದಿರುತ್ತದೆ.

ಎಲ್ಲ ಹೊಟ್ಟೆಯೂ ಕೊಬ್ಬಲ್ಲ. ಕೆಲವೇ ವಾರಗಳಲ್ಲಿ ಹೊಟ್ಟೆ ಉಬ್ಬಿ ಬಿಗಿಯಾಗಿ, ಪಾದ ಬಾತು, ಕೈಕಾಲು ಸೊರಗಿದರೆ ಅದು ಜಲೋದರವಿರಬಹುದು, ಯಕೃತ್ತಿನ ಕಾಯಿಲೆಯ ಲಕ್ಷಣ. ಹೆಂಗಸರಲ್ಲಿ ಗರ್ಭಕೋಶದ, ಅಂಡಾಶಯದ ಗಡ್ಡೆಗಳೂ ಹೊಟ್ಟೆ ಮುಂದೆ ತರುತ್ತವೆ. ಅಲ್ಲಿ ಟೇಪು ಮಡಚಿಟ್ಟು ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ತುದಿಯಲ್ಲಿ ಈ ಅಳತೆ ಕುರುಡು: ಕೃಶವಾಗಿರುವುದನ್ನು ಇದು ಸರಿಯಾಗಿ ಹಿಡಿಯದು. ಅದೇ ಕುಟುಂಬ ಸಮೀಕ್ಷೆಯಲ್ಲಿ ಬಿಎಂಐ 18.5ಕ್ಕಿಂತ ಕಡಿಮೆ ಇದ್ದ ಹೆಂಗಸರು ದೇಶದಲ್ಲಿ ಶೇ. 18.7. ತೋಟದ ಕೂಲಿಗೆ ಹೋಗುವ ಮನೆಗಳಲ್ಲಿ ತೂಕದ ಮಷಿನ್ನಿಗೆ ಇನ್ನೂ ಕೆಲಸವಿದೆ. ಕಾರಣವಿಲ್ಲದೆ ತೂಕ, ನಡು ಎರಡೂ ಇಳಿಯುತ್ತಿದ್ದರೆ ಖುಷಿಪಡುವುದಲ್ಲ, ಕ್ಷಯ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸುವುದು.

ಅರ್ಧ ದಾಟಿದವರು ಮಾಡಬೇಕಾದ ಮೊದಲ ಕೆಲಸ ಊಟ ಬಿಡುವುದಲ್ಲ, ಪರೀಕ್ಷೆಗೆ ರಕ್ತ ಕೊಡುವುದು. ಅನುಪಾತ ಕಾಯಿಲೆಯಲ್ಲ, ಕಾಯಿಲೆ ಎಲ್ಲಿ ಹುಡುಕಬೇಕು ಎಂಬ ಗುರುತು. ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125 ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. 126 ಮತ್ತು ಮೇಲೆ, ಇನ್ನೊಂದು ಪರೀಕ್ಷೆಯಲ್ಲೂ ಖಚಿತವಾದರೆ, ಕಾಯಿಲೆ. ಬಿಪಿ 140/90 ಮುಟ್ಟಿದರೆ ಹೆಚ್ಚು. ಟ್ರೈಗ್ಲಿಸರೈಡ್ 150ರ ಒಳಗಿರಬೇಕು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.7 ಮುಟ್ಟಿದರೆ ಎಚ್ಚರ, 6.5 ಮುಟ್ಟಿದರೆ ಕಾಯಿಲೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇರುವವರಲ್ಲಿ ಈ ಅಂಕಿ ಸುಳ್ಳಾಗಿ ಏರಬಹುದು, ಹಾಗಾಗಿ ಹಿಮೋಗ್ಲೋಬಿನ್ ಕೂಡ ನೋಡಿಸಿ. ಸಕ್ಕರೆ, ಬಿಪಿ ತಪಾಸಣೆ 30 ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ.

ನಡು ಇಳಿಸುವ ಮಾತಿಗೆ ಬಂದರೆ, ಹೊಟ್ಟೆಯ ವ್ಯಾಯಾಮ ಮಾಡಿ ಹೊಟ್ಟೆಯ ಕೊಬ್ಬನ್ನಷ್ಟೇ ಕರಗಿಸಲು ಬರುವುದಿಲ್ಲ. ತೂಕ ಇಳಿಯಲಿಲ್ಲವೆಂದು ಕೈಬಿಡುವುದೂ ತಪ್ಪು. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಕ್ಕರೆಯ ಹೊಸ್ತಿಲಲ್ಲಿದ್ದವರು ನಡಿಗೆ, ಆಹಾರ ಸರಿಪಡಿಸಿಕೊಂಡಾಗ ಕಾಯಿಲೆ ಬರುವ ಸಂಭವ ಶೇ. 28.5ರಷ್ಟು ಇಳಿಯಿತು. ಹೇಳಿಕೊಳ್ಳುವಷ್ಟು ತೂಕ ಮಾತ್ರ ಇಳಿದಿರಲಿಲ್ಲ. ವಾರಕ್ಕೆ 150 ನಿಮಿಷ ಬಿರುಸು ನಡಿಗೆ ಎನ್ನುವುದು ಎಲ್ಲೆಡೆಯ ಸಲಹೆ. ಮಲೆನಾಡಿನಲ್ಲಿ ಅದು ಮುರಿಯುವುದು ಜೂನ್‌ನಲ್ಲಿ. ಮಳೆ ಹಿಡಿದರೆ ನಾಲ್ಕು ತಿಂಗಳು ಅಂಗಳಕ್ಕಿಳಿಯುವುದೂ ಕಷ್ಟ, ಅದೇ ಹೊತ್ತಿಗೆ ಹಲಸಿನ ಹಪ್ಪಳದ ಡಬ್ಬಿ ಅಟ್ಟದಿಂದ ಕೆಳಗಿಳಿದಿರುತ್ತದೆ. ಜಗಲಿಯಲ್ಲೇ ಊಟದ ನಂತರ ಹತ್ತು ಹತ್ತು ನಿಮಿಷ ನಡೆದರೂ ಸಲ್ಲುತ್ತದೆ. ತೋಟದ ಕೆಲಸವೂ ಮೊದಲಿನದಲ್ಲ. ಅಡಿಕೆ ಕೊನೆ ಕೊಯ್ಯಲು ಮರ ಹತ್ತುತ್ತಿದ್ದ ಕೊನೆಗೌಡರ ಕೈಗೆ ಈಗ ಫೈಬರ್ ದೋಟಿ ಬಂದಿದೆ, ಮನೆಯಿಂದ ತೋಟಕ್ಕೆ ಸ್ಕೂಟರು. ಜೀವದ ಮಟ್ಟಿಗೆ ದೋಟಿ ಒಳ್ಳೆಯದೇ. ಆದರೆ ಮರ ಹತ್ತುವ ಕಾಲದ ಊಟ ಮಾತ್ರ ತಟ್ಟೆಯಲ್ಲಿ ಹಾಗೇ ಉಳಿದಿದೆ.

ಆ ತಟ್ಟೆಯಲ್ಲಿ ಬೆಳಿಗ್ಗೆ ಕಡುಬು ಅಥವಾ ನೀರುದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಅಕ್ಕಿ ರೊಟ್ಟಿಯೋ ಮತ್ತೆ ಅನ್ನವೋ: ಅಕ್ಕಿಯೇ ಮೂರು ವೇಷ ಹಾಕಿ ಬರುತ್ತದೆ. ಒಂದು ಹೊತ್ತಿನ ಅಕ್ಕಿಯನ್ನು ಅರ್ಧಕ್ಕಿಳಿಸಿ ಆ ಜಾಗಕ್ಕೆ ಹುರುಳಿ, ಹೆಸರುಕಾಳು, ಮೊಟ್ಟೆ ಅಥವಾ ಮೀನು, ಜೊತೆಗೆ ಎರಡು ಸೌಟು ಪಲ್ಯ ತಂದರೆ ಬದಲಾವಣೆ ಶುರುವಾಗುತ್ತದೆ. ಕುಚ್ಚಲಕ್ಕಿ ಸ್ವಲ್ಪ ವಾಸಿ, ಎರಡು ಪಟ್ಟು ಉಂಡರೆ ಅದೂ ಇಲ್ಲ. ದಿನಕ್ಕೆ ನಾಲ್ಕು ಕಾಫಿ, ಎರಡೆರಡು ಚಮಚ ಸಕ್ಕರೆ ಎಂದರೆ 40 ಗ್ರಾಂ, 160 ಕ್ಯಾಲರಿ. ಬೆಲ್ಲ ಹಾಕಿದರೂ ಲೆಕ್ಕ ಹೆಚ್ಚುಕಡಿಮೆ ಅದೇ. ಅಡಿಕೆ ಸೀಮೆಯಲ್ಲಿ ಹೇಳಲು ಕಷ್ಟವಾದ ಮಾತೊಂದಿದೆ: ಎಲೆಅಡಿಕೆ ಜಗಿಯುವವರಲ್ಲಿ ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ ಹೆಚ್ಚು ಕಂಡುಬಂದಿದೆ ಎಂದು ತೈವಾನ್‌ನ ಅಧ್ಯಯನಗಳು ವರದಿ ಮಾಡಿವೆ. ಬೆಳೆಯುವುದು ಬೇರೆ, ಊಟವಾದ ಮೇಲೆಲ್ಲ ಕವಳ ಹಾಕುವುದು ಬೇರೆ.

ಮತ್ತೆ ಅಳೆಯುವುದು ನಾಲ್ಕು ವಾರಕ್ಕೊಮ್ಮೆ, ಅದೇ ಟೇಪು, ಅದೇ ಹೊತ್ತು, ಅದೇ ಜಾಗ. ದಿನಾ ಅಳೆದರೆ ಕಾಣುವುದು ನಿನ್ನೆಯ ಊಟ.

ಆಶಾ ಕಾರ್ಯಕರ್ತೆಯರು ಮನೆಮನೆಗೆ ತರುವ ಅಂಕಪಟ್ಟಿಯಲ್ಲಿ ಈ ಟೇಪಿಗೆ ಆಗಲೇ ಜಾಗವಿದೆ. ವಯಸ್ಸು, ತಂಬಾಕು, ಕುಡಿತ, ದೈಹಿಕ ಶ್ರಮ, ಮನೆತನದ ಕಾಯಿಲೆಗಳ ಜೊತೆ ಸುತ್ತಳತೆಗೂ ಅಂಕ: ಹೆಂಗಸರಿಗೆ 80ರವರೆಗೆ ಸೊನ್ನೆ, 81ರಿಂದ 90ಕ್ಕೆ 1, ಮೇಲೆ 2; ಗಂಡಸರಿಗೆ ಹತ್ತತ್ತು ಸೆಂ.ಮೀ. ಹೆಚ್ಚು. ಒಟ್ಟು 4 ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸುತ್ತಾರೆ. ಎತ್ತರಕ್ಕೆ ಆ ಪಟ್ಟಿಯಲ್ಲಿ ಅಂಕವಿಲ್ಲ. 150 ಸೆಂ.ಮೀ. ಎತ್ತರ, 79 ಸೆಂ.ಮೀ. ನಡುವಿನ ಹೆಂಗಸಿಗೆ ಅಲ್ಲಿ ಸೊನ್ನೆ ಬೀಳುತ್ತದೆ. ಅವರ ಅನುಪಾತ 0.53. ಎತ್ತರದ ಅಳತೆಗೋಲು ಅಂಗನವಾಡಿಯಲ್ಲಿ ಮಕ್ಕಳಿಗೆಂದು ಇರುತ್ತದೆ. ಪಡಿ ತರಲೋ ಮಗುವನ್ನು ಬಿಡಲೋ ಬಂದ ತಾಯಂದಿರನ್ನು ಒಮ್ಮೆ ಅದಕ್ಕೆ ಆನಿಸಿ ನಿಲ್ಲಿಸಿ, ಎತ್ತರದ ಅರ್ಧವನ್ನು ಅವರ ತಾಯಿ ಕಾರ್ಡಿನ ಹಿಂಬದಿಯಲ್ಲಿ ಬರೆದುಕೊಟ್ಟರೆ, ಆ ಅಂಕಿ ಮುಂದಿನ ಮೂವತ್ತು ವರ್ಷ ಬದಲಾಗುವಂಥದ್ದಲ್ಲ.